ಅಕ್ಕನ ಕಲ್ಯಾಣಿಗೆ ಗಿಟಾರ್

ತನ್ನ ಮದುವೆ ನಿಶ್ಚಯವಾದಾಗ ಅಕ್ಕನ ಮಗಳು ಒಂದೇ ಹಟ ಹಿಡಿದಳು. ಆರತಿ ಹಾಡನ್ನು ಅಮ್ಮನೇ ಹಾಡಬೇಕು, ಮಾವ ಗಿಟಾರ್ ನುಡಿಸಬೇಕು. ಮದುಮಕ್ಕಳಿಗೆ ಆರತಿ ಎತ್ತುವಾಗ ಮನೆಯ ಹೆಂಗಸರು ಹಾಡುವುದು ನಮ್ಮಲ್ಲಿ ವಾಡಿಕೆ. ಬಂಟ್ವಾಳದ ಕಡೆ ನಮ್ಮ ನೆಂಟರ ಮದುವೆಗಳಲ್ಲಿ ಎಷ್ಟೋ ವರ್ಷಗಳಿಂದ ಅಕ್ಕನದೇ ಹಾಡು, ಕಲ್ಯಾಣಿ ರಾಗದಲ್ಲಿ ಅವಳೇ ಕಟ್ಟಿದ ನಾಲ್ಕು ಸಾಲು. ಬಿ.ಸಿ.ರೋಡಿನ ಬಾಡಿಗೆ ಮನೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುವ ಅವಳಿಗೆ ಅದೇನು ದೊಡ್ಡದಲ್ಲ. ಕಷ್ಟ ನನ್ನದು. ನಾನು ಬೆಳ್ತಂಗಡಿಯಲ್ಲಿ ಗಣಿತದ ಮೇಷ್ಟ್ರು, ಗಿಟಾರ್ ಕಲಿತದ್ದು ಮೊಬೈಲ್ ನೋಡಿ.

ಅಕ್ಕನ ಶ್ರುತಿ ಐದು, ಅಂದರೆ ಗಿಟಾರಿನ ಜಿ. ಅಲ್ಲಿಂದ ಕಲ್ಯಾಣಿಯ ಏಳು ಸ್ವರಗಳನ್ನು ಎಣಿಸಿದೆ. ಡಿ ಮೇಜರಿನ ಸ್ವರಗಳೂ ಅವೇ! ಲೆಕ್ಕ ಸರಿಹೋಯಿತೆಂದು ಅಕ್ಕನ ಜೊತೆ ಅಭ್ಯಾಸಕ್ಕೆ ಕೂತೆ. ಮೂರು ಮೂರು ಸ್ವರ ಒಟ್ಟಿಗೆ ನುಡಿಯುವ ಡಿ ಬಳಗದ ಕಾರ್ಡುಗಳನ್ನೆಲ್ಲ ಹಿಡಿದು, ಪ್ರತಿ ಸಾಲಿನ ಕೊನೆಗೆ ಗತ್ತಿನಿಂದ ಡಿ ಬಾರಿಸಿದೆ. ಅಕ್ಕ ಹಾಡು ನಿಲ್ಲಿಸಿದಳು.

"ನನ್ನ ಷಡ್ಜ ಎಲ್ಲಿ ಮಾರಾಯ? ನಾನು ಸ ಹಿಡಿದು ನಿಂತರೆ ನೀನು ಪಂಚಮದಲ್ಲಿ ಅಂಗಡಿ ಇಟ್ಟು ಕೂತಿದ್ದಿ. ಬೆಳ್ತಂಗಡಿಗೆ ಟಿಕೆಟ್ ತೆಗೆದು ಗುರುವಾಯನಕೆರೆಯಲ್ಲಿ ಇಳಿದ ಹಾಗೆ ಆಗ್ತದೆ."

"ಸ್ವರ ಎಲ್ಲ ಅದೇ ಅಲ್ವಾ ಅಕ್ಕ?"

"ಸ್ವರ ಅದೇ. ಹಾಡು ಬೇರೆ."

ನನಗೆ ಸಿಟ್ಟು ಬಂತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನೂ ತಂತಿ ಹಳತಾಗಿದೆ ಎಂದೆ.

ಆ ವಾರವೇ ಅಕ್ಕನ ಗಂಟಲು ಕಟ್ಟಿತು. ಕಷಾಯಕ್ಕೆ ಬಗ್ಗಲಿಲ್ಲ. ತಪಾಸಣೆ ಮಾಡಿದ ಡಾಕ್ಟರು ಥೈರಾಯ್ಡ್ ಗಡ್ಡೆ, ಒಳ್ಳೆಯ ಜಾತಿಯದ್ದಲ್ಲ ಎಂದರು. ಸ್ವರದ ನರ ಅದಕ್ಕೆ ಅಂಟಿಕೊಂಡಿತ್ತು. ಜೀವಕ್ಕೆ ಭಯವಿಲ್ಲ, ಸ್ವರದ ಮಾತು ಹೇಳಲಾರೆವು ಎಂದರು. ಆಪರೇಷನ್ ಮದುವೆಯವರೆಗೆ ಕಾಯುವಂತಿಲ್ಲ. ಅಕ್ಕ ಡಾಕ್ಟರರ ಎದುರು ತಲೆಯಾಡಿಸಿ, ಹೊರಗೆ ಬಂದು, "ಮಕ್ಕಳ ಪಾಠ ಅರ್ಧಕ್ಕೆ ನಿಂತಿತಲ್ಲ" ಎಂದಳು.

ಶನಿವಾರ ಶಾಲೆ ಬಿಟ್ಟವನೇ ಮೂಡುಬಿದಿರೆಯ ಬಸ್ಸು ಹತ್ತಿದೆ. ಅಲ್ಲಿ ಇಗರ್ಜಿಯ ಗಾಯನ ತಂಡಕ್ಕೆ ನುಡಿಸುವ ಗಿಟಾರ್ ಮೇಷ್ಟ್ರೊಬ್ಬರಿದ್ದರು. ಮೊಬೈಲಿನ ತಂಬೂರಿಯನ್ನು ಜಿಗೆ ಇಟ್ಟು ನನ್ನ ಕಾರ್ಡುಗಳನ್ನು ಕೇಳಿಸಿದೆ.

"ನೀವು ಡಿಯನ್ನೇ ಮನೆ ಮಾಡಿದ್ದೀರಿ," ಎಂದರು ಅವರು. "ಜಿ ಹಿಡಿಯಿರಿ. ಈಗ ಎ. ಪುನಃ ಜಿಗೇ ಬನ್ನಿ. ಡಿ ನೆಂಟರ ಹಾಗೆ ಬಂದು ಹೋಗ್ಲಿ, ಉಳಿಯುವುದು ಬೇಡ. ನಾವು ಇದಕ್ಕೆ ಲಿಡಿಯನ್ ಮೋಡ್ ಅಂತ ಹೇಳ್ತೇವೆ."

ಜಿಯಿಂದ ಎಗೆ ಹೋದಾಗ ಕಲ್ಯಾಣಿಯ ಗುರುತಾದ ಆ ಏರಿದ ಮ, ಪ್ರತಿಮಧ್ಯಮ, ಕಾರ್ಡಿನ ನಡುವಿನಿಂದ ಎದ್ದು ಬಂತು. ಜಿಗೆ ಮರಳಿದಾಗ ಎಲ್ಲ ಸಮಾಧಾನವಾಯಿತು. ಯಾವ ಏಳು ಸ್ವರ ಎಂದಷ್ಟೇ ನಾನು ನೋಡಿದ್ದೆ, ಎಲ್ಲಿ ತಂಗಬೇಕೆಂದು ನೋಡಿರಲಿಲ್ಲ. ಡಿಯಲ್ಲಿ ತಂಗಿದರೆ ಅದು ಡಿ ಮೇಜರ್. ಜಿಯಲ್ಲಿ ತಂಗಿದರೆ ಅವೇ ಸ್ವರಗಳು ಅಕ್ಕನ ಕಲ್ಯಾಣಿ. ಇಷ್ಟು ಸಣ್ಣ ವಿಷಯ. ತಿಳಿದ ಖುಷಿಯಲ್ಲಿ ಬಸ್ಸು ಹತ್ತಿದವನು ದಾರಿಯಲ್ಲಿ ಅಕ್ಕನ ಆಪರೇಷನ್ ನೆನಪಾಗಿ ಅತ್ತುಬಿಟ್ಟೆ. ಪಕ್ಕದವರು ಕಿಟಕಿ ಮುಚ್ಚಬೇಕಾ ಎಂದು ಕೇಳಿದರು.

ಆಸ್ಪತ್ರೆಗೆ ಸೇರುವ ಮುನ್ನಾದಿನ ಅಕ್ಕ ಹಾಡಿದಳು. ಸ್ವರ ಒಡೆದಿತ್ತು, ಮೇಲಿನ ಸ್ಥಾಯಿ ಎಟುಕಲಿಲ್ಲ. ಆದರೂ ಕೊನೆಯ ಸಾಲು ಜಿಯಲ್ಲಿ ಬಂದು ನಿಂತಾಗ ಅವಳ ಮುಖ ಅರಳಿತು. "ಈಗ ಸರಿಯಾದ ಜಾಗದಲ್ಲಿ ಇಳಿದಿ ನೋಡು," ಎಂದಳು.

"ರೆಕಾರ್ಡ್ ಮಾಡುವ, ಅಕ್ಕ."

"ಸತ್ತವಳ ಹಾಗೆ ಈಗಲೇ ಹಿಡಿದಿಡ್ಬೇಡ. ಮದುವೆಯಲ್ಲಿ ಹಾಡ್ತೇನೆ."

ಗಡ್ಡೆ ಹೋಯಿತು. ಸ್ವರ ಬರಲಿಲ್ಲ. ಮಾತಾಡಿದರೆ ಉಸಿರು ಮಾತ್ರ. ಡಾಕ್ಟರು ಕಾದು ನೋಡುವ ಎಂದರು, ಮದುವೆ ಕಾಯಲಿಲ್ಲ. ಒಂದು ಕಡೆ ಅವಳು ಬದುಕಿದಳಲ್ಲ ಎಂಬ ನೆಮ್ಮದಿ, ಇನ್ನೊಂದು ಕಡೆ ಆ ಮೌನ ಕೇಳಲಾಗದ ಸಂಕಟ.

ಮದುವೆಯ ದಿನ ಅಕ್ಕ ಕುತ್ತಿಗೆಗೆ ಸೆರಗು ಸುತ್ತಿಕೊಂಡು ಆರತಿ ತಟ್ಟೆ ಹಿಡಿದಳು. ಉಳಿದ ಹೆಂಗಸರು, "ನಾವು ಹಾಡ್ತೇವೆ, ನೀವು ಆರತಿ ಎತ್ತಿ," ಎಂದರು. ಬೇಡವೆಂದು ತಲೆಯಾಡಿಸಿ ನನ್ನತ್ತ ನೋಡಿದಳು. ಜಿ ಹಿಡಿದೆ. ಅವಳ ತುಟಿಗಳು ಆಡಿದವು. ಅವನ್ನೇ ನೋಡಿಕೊಂಡು ಎಗೆ ಹೋದೆ, ಜಿಗೆ ಬಂದೆ. ಎಲ್ಲಿ ಎಳೆಯುತ್ತಾಳೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ ಎಂಬುದು ನನಗೆ ಗೊತ್ತಿತ್ತು. ಮದುಮಗಳು ಕಣ್ಣು ಮುಚ್ಚಿದ್ದಳು. ನಾಲ್ಕು ಸಾಲೂ ಆದ ಮೇಲೆ ಕೊನೆಯ ಜಿ ತಾನಾಗಿ ಆರುವವರೆಗೆ ತಂತಿ ತಡೆಯದೆ ಬಲಗೈಯನ್ನು ದೂರ ಹಿಡಿದೆ. ಅಕ್ಕ ತಟ್ಟೆಯನ್ನು ಕೆಳಗಿಟ್ಟಳು.

ಹಿಂದೆ ಕುಳಿತಿದ್ದ ಹಿರಿಯ ನೆಂಟರೊಬ್ಬರು ಮುಂದೆ ಬಾಗಿ ನನ್ನ ಭುಜ ತಟ್ಟಿದರು. "ಶ್ರುತಿ ಮಾಡಿ ಆಯ್ತಲ್ಲ? ಇನ್ನು ಹಾಡು ಶುರು ಮಾಡುವ," ಎಂದರು.