ತಲುಪಿದೆ ಎಂದು ಸುಳ್ಳು ಹೇಳಿದ ಫಾರ್ಮು

ಮೇ ತಿಂಗಳ ನನ್ನ ದಿನಚರಿಯಲ್ಲಿ ಎರಡು ಬಣ್ಣದ ಗೀಟುಗಳಿವೆ. ಮನುಷ್ಯರು ಬರೆದದ್ದಕ್ಕೆ ನೀಲಿ, ತಾವೇ ಫಾರ್ಮು ತುಂಬುವ ಬಾಟ್ ಪ್ರೋಗ್ರಾಮುಗಳು ಕಳಿಸಿದ ಕಸಕ್ಕೆ ಕೆಂಪು. ಸಿಂದಗಿಯ ಒಂದು ಹುಡುಗಿಯರ ವಸತಿನಿಲಯದ ವೆಬ್‌ಸೈಟನ್ನು ನಾನು ಇಂಡಿ ಊರಿನಲ್ಲಿ ಕೂತು ನೋಡಿಕೊಳ್ಳುತ್ತಿದ್ದೆ. ಸೀಟು ಬೇಕಾದವರು ಅದರ ಫಾರ್ಮಿನಲ್ಲಿ ಮೊಬೈಲ್ ಸಂಖ್ಯೆ ತುಂಬಿ, ಕೆಳಗೆ ತಮ್ಮ ಮಾತಿನಲ್ಲಿ ಅರ್ಜಿ ಬರೆಯಬೇಕು. ಮೊದಲು ಬರೆದವರಿಗೆ ಮೊದಲು ಹಾಸಿಗೆ. ಒಂದು ಸೋಮವಾರ ನೀಲಿ ನಾಲ್ಕು, ಕೆಂಪು ಅರವತ್ತೆರಡು. ಮೊಬೈಲ್ ಸಂಖ್ಯೆಗೆ ಹತ್ತು ಅಂಕಿ ಇರಲೇಬೇಕೆಂದು ತಪಾಸಣೆ ಹಾಕಿದ್ದರೂ ಬಾಟ್‌ಗಳು ಸುಳ್ಳು ಸಂಖ್ಯೆ ತುಂಬಿ ದಾಟುತ್ತಿದ್ದವು. ಎಲ್ಲದರಲ್ಲೂ ಲಾಟರಿ ಗೆದ್ದಿದ್ದೀರಿ ಎಂಬ ಅದೇ ಮೊದಲ ಸಾಲು.

ರೇಗಿ ಒಂದು ನಿಯಮ ಬರೆದೆ. ಮೊದಲ ಸಾಲು ಹಿಂದೆ ಬಂದ ಯಾವುದಾದರೂ ಸಂದೇಶದ ಮೊದಲ ಸಾಲಿನಂತೆಯೇ ಇದ್ದರೆ ಅದು ಕಸದ ಕಡತಕ್ಕೆ. ಬಾಟ್‌ಗಳಿಗೆ ಸುಳಿವು ಸಿಗಬಾರದೆಂದು ಪರದೆಯ ಮೇಲೆ ಎಲ್ಲರಿಗೂ ಒಂದೇ ಉತ್ತರ: ‘ನಿಮ್ಮ ಅರ್ಜಿ ತಲುಪಿದೆ.’ ಮರುದಿನ ಕೆಂಪು ಸೊನ್ನೆ. ಕಸದ ಕಡತವನ್ನು ಒಮ್ಮೆಯೂ ತೆರೆದು ನೋಡಲಿಲ್ಲ.

ಜೂನ್‌ನಲ್ಲಿ ನಿಲಯ ತೆರೆದ ದಿನ ನಾನು ಅಲ್ಲಿದ್ದೆ. ಮುಳವಾಡದ ಒಬ್ಬರು ಟ್ರಂಕು ಹೊತ್ತು ಮಗಳೊಡನೆ ಬಂದರು. ಪಟ್ಟಿಯಲ್ಲಿ ಹೆಸರಿಲ್ಲ.

“ನಿಮ್ಮ ಅರ್ಜಿನ ಬಂದಿಲ್ರಿ,” ಎಂದರು ವಾರ್ಡನ್.

“ತಲಪೈತಿ ಅಂತ ನೀವ ಬರದೀರಲ್ರಿ ಅಕ್ಕಾರ.” ಅವರು ಪರದೆಯ ಆ ಉತ್ತರವನ್ನು ಮೊಬೈಲಿನಲ್ಲಿ ತೆಗೆದಿಟ್ಟ ಫೋಟೊ ತೋರಿಸಿದರು. “ಅದನ್ನ ನಂಬಿ ಬ್ಯಾರೆ ಕಡೆ ಕೇಳ್ಲೇ ಇಲ್ಲ.”

“ಕಂಪ್ಯೂಟರ್ ಮಾಡಿದ್ದಕ್ಕ ನಾ ಏನ್ ಮಾಡ್ಲಿ? ದಿನಾ ಓಡಾಡ್ಲಿ ಬಿಡ್ರಿ.”

“ಎರಡ ಬಸ್ ಬದಲಿಸಿ ಬಂದೇವ್ರಿ. ಕಾಲೇಜ ಬಿಡಸ್ರಿ ಅಂತ ಸೀದಾ ಹೇಳ್ರಿ.”

ಕಸದ ಕಡತ ತೆರೆದೆ. ಒಂಬತ್ತು ಅರ್ಜಿಗಳ ತಲೆಯ ಮೇಲೆ ‘ಶ್ರೀ ಗುರುಬಸವಲಿಂಗಾಯ ನಮಃ’. ನಮ್ಮ ಕಡೆ ಯಾವ ಕಾಗದ ಬರೆದರೂ ಮೊದಲು ಬರೆಯುವ ಸಾಲು; ನನ್ನ ದಿನಚರಿಯ ಮೊದಲ ಪುಟದಲ್ಲೂ ಇದೆ. ಅದನ್ನು ಮೊದಲು ಬರೆದ ಒಬ್ಬರ ಅರ್ಜಿ ಮಾತ್ರ ದಾಟಿತ್ತು. ಆಮೇಲಿನ ಒಂಬತ್ತನ್ನು ನಾನು ಬಾಟ್ ಎಂದು ಎಸೆದಿದ್ದೆ.

ವಿಷಯ ತಿಳಿದು ಹುಡುಗಿಯ ಅಪ್ಪ ಕೇಳಿದರು, “ಹಂಗಾದ್ರ ದೇವರ ಹೆಸರ ಬಿಡಬೇಕಾಗಿತ್ತೇನ್ರಿ?”

“ಕಂಪ್ಯೂಟರಿಂದಲ್ರಿ, ತಪ್ಪ ನಂದು,” ಎಂದು ವಾರ್ಡನ್‌ಗೆ ತಾರೀಖು ತೋರಿಸಿದೆ. ಈ ಹುಡುಗಿಯ ಅರ್ಜಿ ಬಂದಾಗ ಆರು ಹಾಸಿಗೆ ಖಾಲಿ ಇದ್ದವು.

“ಈಗಿಲ್ಲಲ್ಲ?”

“ಆಫೀಸ್ ಹಿಂದಿನ ಖೋಲ್ಯಾಗ ಮಂಚ ಐತಲ್ರಿ?”

“ಅದು ಕಮಿಟಿಯವ್ರು ಬಂದ್ರ ಮಲಗಾಕ.”

“ಹೋದ ವರ್ಷ ಎಷ್ಟ ಸಲ ಬಂದಾರ?”

ಟ್ರಂಕನ್ನು ನಾನೇ ಎತ್ತಿ ಆ ಖೋಲಿಯಲ್ಲಿಟ್ಟೆ. ವಾರ್ಡನ್ ಗೊಣಗುತ್ತಲೇ ಪಟ್ಟಿಯ ಕೊನೆಯಲ್ಲಿ ಹುಡುಗಿಯ ಹೆಸರು ಬರೆದರು.

ಅಲ್ಲೇ ಕೂತು ನಿಯಮ ಅಳಿಸಿದೆ. ಉಳಿದ ಎಂಟು ಮನೆಗಳಿಗೆ ಫೋನ್ ಮಾಡಿದೆ. ಐವರಿಗೆ ಬೇರೆ ಕಡೆ ಸಿಕ್ಕಿತ್ತು, ಚೆನ್ನಾಗಿ ಬೈದರು. ಇಬ್ಬರು ಎತ್ತಲಿಲ್ಲ. ಮುದ್ದೇಬಿಹಾಳದ ಒಬ್ಬ ತಾಯಿ ಮಾತ್ರ ಬೈಯಲಿಲ್ಲ.

“ಆಕಿ ಮನ್ಯಾಗ ಕುಂತಾಳ್ರಿ. ಸೀಟ್ ಸಿಗ್ಲಿಲ್ಲಂತ ಅವ್ರಪ್ಪ ಕಾಲೇಜ ಬಿಡಿಸ್ಯಾನ,” ಎಂದು ಫೋನ್ ಇಟ್ಟರು.

ಈಗ ಬಂದದ್ದನ್ನೆಲ್ಲ, ಕಸವನ್ನೂ, ದಿನಾ ಒಂದೊಂದಾಗಿ ಓದುತ್ತೇನೆ. ಮುದ್ದೇಬಿಹಾಳಕ್ಕೆ ಮತ್ತೆ ಏಳು ಸಲ ಫೋನ್ ಮಾಡಿದ್ದೇನೆ; ಆ ತಾಯಿ ಇನ್ನೂ ಎತ್ತಿಲ್ಲ.