ಕೀಲಿ ಬಿದ್ದ ಪದ

ಮಾಬೂಬಿ ಕಂಪ್ಯೂಟರಿನ ಪರದೆಗೆ ಮೂಗು ತಾಗುವಷ್ಟು ಬಾಗಿ ನೋಡಿದಳು. ತೀರಿಹೋದ ತಂದೆ ಕಟ್ಟಿದ ಪದ ಅಲ್ಲಿರಬೇಕಿತ್ತು. ಇದ್ದದ್ದು ಡಾಲರ್ ಗುರುತು, ಪ್ರಶ್ನೆ ಚಿಹ್ನೆ, ತಲೆ ಮೇಲೆ ಟೋಪಿ ಇಟ್ಟುಕೊಂಡ ಇಂಗ್ಲಿಷ್ ಅಕ್ಷರ.

"ಇದು ನಮ್ಮಪ್ಪನ ಮಾತಲ್ರಿ ಸರ್ರ," ಎಂದಳು ನನಗೆ.

ಅವಳಪ್ಪನದೇನು, ಅದು ಯಾರ ಮಾತೂ ಅಲ್ಲ.

ಇದು ನಡೆದದ್ದು ಹೋದ ತಿಂಗಳು, ಬೈಲಹೊಂಗಲದ ಒಂದು ಡಿಟಿಪಿ ಅಂಗಡಿಯಲ್ಲಿ. ಮಾಬೂಬಿಯ ತಂದೆ ಇಮಾಮಸಾಬರು ದೊಡವಾಡದವರು. ಮೊಹರಮ್‌ನಲ್ಲಿ ಕರ್ಬಲಾ ಕಾಳಗದ ಕಥೆ ಹೇಳುವ ರಿವಾಯತ್ ಪದ ಹಾಡುತ್ತಿದ್ದರು. ಓದು ಬರಹ ಬಾರದು. ಆದರೆ ಪದ ಕಟ್ಟುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ.

ಅವರದೊಂದು ಪದದಲ್ಲಿ, ವೈರಿ ಸೈನ್ಯ ಹೊಳೆಗೆ ಪಹರೆ ಹಾಕಿದ್ದರಿಂದ ಕರ್ಬಲಾದಲ್ಲಿ ಬಾಯಾರಿದ ಮಕ್ಕಳಿಗಾಗಿ ನಮ್ಮ ಕಡೆಯ ಹೆಣ್ಣುಮಗಳೊಬ್ಬಳು ಮಲಪ್ರಭೆಯಿಂದ ಕೊಡ ತುಂಬಿಕೊಂಡು ಹೊರಡುತ್ತಾಳೆ. (ಭೂಗೋಳದ ಮಾಸ್ತರರು ದಯವಿಟ್ಟು ಸುಮ್ಮನಿರಬೇಕು.) ಆಕೆ ಹೊರಡುವವರೆಗಿನ ಅರ್ಧ ಪದ ಮೇಳದವರಿಗೆಲ್ಲ ಬಾಯಿಪಾಠ. ಉಳಿದರ್ಧವನ್ನು ಇಮಾಮಸಾಬರು ಕೊನೆಗಾಲದಲ್ಲಿ ಹೊಸದಾಗಿ ಕಟ್ಟಿ, ಇದೇ ಅಂಗಡಿಯಲ್ಲಿ ಕುಳಿತು ಹೇಳಿ ಬರೆಸಿದ್ದರು. ಅವರ ಪದಗಳನ್ನೆಲ್ಲ ಸೇರಿಸಿ ನಾನು ಪುಸ್ತಕ ಮಾಡುವವನಿದ್ದೆ; ಆಗ ಎಲ್ಲ ಒಮ್ಮೆಲೇ ಪ್ರಿಂಟ್ ತೆಗೆದರಾಯ್ತು ಎಂದುಕೊಂಡೆವು. ಮೇಳಕ್ಕೆ ಕಲಿಸುವ ಮೊದಲೇ ಅವರು ಹೋಗಿಬಿಟ್ಟರು.

ಇರಲಿ, ಫೈಲ್ ಇದೆಯಲ್ಲ!

ಇತ್ತು. ಅದನ್ನು ತೆರೆಯುವ ಕನ್ನಡ ಸಾಫ್ಟ್‌ವೇರೂ ಇತ್ತು. ಆದರೆ ಅದು ಓಡಬೇಕಾದರೆ ಕಂಪ್ಯೂಟರಿನ ಬೆನ್ನಿಗೆ ಡಾಂಗಲ್ ಎಂಬ ಬೆರಳುದ್ದದ ಕೀಲಿ ಸಿಕ್ಕಿಸಿರಬೇಕು. ಆ ಕೀಲಿ ಸುಟ್ಟುಹೋಗಿತ್ತು. ಅಂಗಡಿಯ ಶಿವಾನಂದ ಕಂಪನಿಗೆ ಫೋನ್ ಮಾಡಿದ. ಆ ವರ್ಶನ್ ನಿಲ್ಲಿಸಿದ್ದೇವೆ, ಹೊಸದರಲ್ಲಿ ಹಳೇ ಫೈಲ್ ತೆರೆಯುವುದಿಲ್ಲ ಎಂದರು. ಹಾಗಾದರೆ ಯಾವ ಅಕ್ಷರಕ್ಕೆ ಯಾವ ಸಂಕೇತ ಇಟ್ಟಿದ್ದೀರಿ, ಅಷ್ಟಾದರೂ ಹೇಳಿ, ನಾವೇ ಬಿಡಿಸಿಕೊಳ್ಳುತ್ತೇವೆ ಎಂದ. ಅದು ಕಂಪನಿಯ ಗುಟ್ಟಂತೆ. ಬಿಡಿಸುವುದು ಕರಾರಿಗೆ ವಿರುದ್ಧವಂತೆ. ಮೊದಲ ದಿನವೇ ಶಿವಾನಂದ 'ಐ ಅಗ್ರೀ' ಒತ್ತಿ ಇದನ್ನೆಲ್ಲ ಒಪ್ಪಿಕೊಂಡಿದ್ದನಂತೆ. (ನೀವೇನು, ಓದಿ ಒತ್ತಿದ್ದೀರಾ?)

ಬೇರೆ ಸಾಫ್ಟ್‌ವೇರಿನಲ್ಲಿ ತೆರೆದಾಗ ಬಂದದ್ದೇ ಆ ಟೋಪಿ ಅಕ್ಷರ.

"ತಮ್ಮಾ, ನೀನ ಬರದೀಯಲ್ಲಾ, ನೆನಪಿಲ್ಲೇನು?" ಎಂದು ಮಾಬೂಬಿ ಶಿವಾನಂದನನ್ನು ಕೇಳಿದಳು.

"ಬಟನ್ ಒತ್ತಿದ್ದು ನೆನಪೈತಿ ಯಕ್ಕಾ, ಪದಾ ಇಲ್ಲ." ತಲೆ ತಗ್ಗಿಸಿದ. "ಪದಾ ನಿಮ್ಮಪ್ಪಂದು ಖರೆ. ಅಕ್ಷರ ಕಂಪನೀದು."

ನನಗೆ ಮೈಯೆಲ್ಲ ಉರಿಯಿತು. ಕನ್ನಡದ ಅಕ್ಷರ ಕಂಪನಿಯದು ಯಾವಾಗ ಆಯಿತು?

ಕಂಪ್ಯೂಟರ್ ಬಲ್ಲವರ ಬಾಯಲ್ಲಿ ಈಗೀಗ 'ಫ್ರೀ ಸಾಫ್ಟ್‌ವೇರ್' ಎಂಬ ಮಾತು ಕೇಳುತ್ತಿದೆ. ನಮ್ಮಲ್ಲಿ ಫ್ರೀ ಎಂದರೆ ಚಹಾಪುಡಿ ಜೊತೆ ಬರುವ ಚಮಚ. ಅದಲ್ಲ ಇದು. ಸಾಫ್ಟ್‌ವೇರನ್ನು ಬೇಕಾದಂತೆ ಬಳಸುವ, ಬಿಚ್ಚಿ ನೋಡುವ, ಕೆಟ್ಟರೆ ತಿದ್ದುವ, ನೆರೆಮನೆಯವರಿಗೂ ಒಂದು ಪ್ರತಿ ಕೊಡುವ ಹಕ್ಕು. ಪಂಪ್‌ಸೆಟ್ ಕೆಟ್ಟರೆ ಮುನವಳ್ಳಿಯ ಯಾವ ಮೆಕ್ಯಾನಿಕ್ ಬೇಕಾದರೂ ಬಿಚ್ಚುತ್ತಾನೆ. ಕಂಪನಿಯ ಅಪ್ಪಣೆ ಯಾರು ಕೇಳುತ್ತಾರೆ? ಇಲ್ಲೂ ಆ ಹಕ್ಕು ಇದ್ದಿದ್ದರೆ, ಬಲ್ಲವರು ಯಾರಾದರೂ ಆ ಪದವನ್ನು ಬಿಡಿಸಿ ಮಾಬೂಬಿಯ ಕೈಗೆ ಕೊಡುತ್ತಿದ್ದರು.

ಮೊಹರಮ್ ನಮಗಾಗಿ ಕಾಯಲಿಲ್ಲ. ಮೊನ್ನೆ ಪಂಜಾ ದೇವರು ಹೊಳೆಗೆ ಹೊರಡುವ ಮುನ್ನ ದೊಡವಾಡದ ಮೇಳ ಅದೇ ಪದ ಎತ್ತಿಕೊಂಡಿತು. ಕೊಡ ತುಂಬಿತು. ತಲೆಗೇರಿತು. ಆಕೆ ಹೊರಟಳು. ಅಲ್ಲಿಗೆ ಹಾಡುವವರು ನಿಂತರು. ಹಲಗೆ ಬಾರಿಸುವವನು ಸ್ವಲ್ಪ ಹೊತ್ತು ಬಾರಿಸಿ, ಅವರ ಮುಖ ನೋಡಿ, ತಾನೂ ನಿಲ್ಲಿಸಿದ.

ಮಾಬೂಬಿ ನನ್ನ ಪಕ್ಕದಲ್ಲೇ ಇದ್ದಳು. ಅಳಲಿಲ್ಲ.

"ಕರ್ಬಲಾದಾಗ ಹೊಳೀಗೆ ಪಹರೆ ಹಾಕಿದವರು ಯಾರಂತ ಎಲ್ಲಾರಿಗೂ ಗೊತ್ತೈತ್ರಿ ಸರ್ರ. ಕೊಡಾ ಹೊತ್ತ ಈಕಿನ್ನ ತಡದವರು ಯಾರ್ರಿ?"