ಲಾಂಡ್ರಿ ಅಕ್ಕನ ಸಂಬಳ

ಲಾಂಡ್ರಿಯಲ್ಲಿ ಎಲ್ಲರಿಗೂ ಅವಳು ಅಕ್ಕ. ಮಾಲೀಕ ಅವಳ ಒಡಹುಟ್ಟಿದ ತಮ್ಮ, ಹಾಗಾಗಿ ಬಟ್ಟೆ ಒಗೆಯುವವರಿಗೂ ಇಸ್ತ್ರಿಯವರಿಗೂ ಅಕ್ಕನೇ. ಯಾರಿಗೆ ರಜೆ, ಯಾರಿಗೆ ಮುಂಗಡ, ಎಲ್ಲ ಅವಳ ನಾಲಗೆ ತುದಿಯಲ್ಲಿ. ಅವಳ ಸಂಬಳ ಎಷ್ಟು ಎಂದು ಮಾತ್ರ ಯಾರಿಗೂ ಗೊತ್ತಿಲ್ಲ, ಏಕೆಂದರೆ ಅದು ಇಲ್ಲವೇ ಇಲ್ಲ. ತಮ್ಮನ ಮನೆಯಲ್ಲಿ ಊಟ, ಹಜಾರದಲ್ಲೊಂದು ಮಂಚ. ಮನೆಯವರಿಗೆ ಸಂಬಳ ಕೊಟ್ಟವರುಂಟೇ!

ಆದರೆ ಆ ವಾರ ಅಕ್ಕನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಪಕ್ಕದ ಬೀದಿಯಲ್ಲಿ ಬಾಡಿಗೆಗಿದ್ದ ಒಂದು ಕೋಣೆ ನೋಡಿ ಬಂದಿದ್ದಳು. ಒಳಗಿನಿಂದ ಹಾಕಿಕೊಳ್ಳಲು ಚಿಲಕವಿತ್ತು. ಅವಳಿಗೆ ಅಷ್ಟೇ ಸಾಕಿತ್ತು. ಮನೆಯೊಡತಿ ಹೇಳಿದ್ದಳು: "ಈ ತಿಂಗಳ ಸಂಬಳದ ಚೀಟಿ ತನ್ನಿ, ಅಲ್ಲೀವರೆಗೂ ಬೇರೆಯವರಿಗೆ ಕೊಡಲ್ಲ." ಚೀಟಿ ಎಲ್ಲಿಂದ ತರೋದು? ಅಷ್ಟರಲ್ಲೇ ತಮ್ಮ ಬಂದು, ಕೆಲಸದವರ ಹಾಜರಿ, ಸಂಬಳ ಎಲ್ಲ ನೋಡಿಕೊಳ್ಳೋ ಸಾಫ್ಟ್‌ವೇರ್ ಆನ್‌ಲೈನಿನಲ್ಲಿ ಹುಡುಕು ಎಂದ. "ಪುಕ್ಕಟೆ ಇರಬೇಕು ನೋಡಕ್ಕ."

ಯಂತ್ರಗಳ ಗಡಗಡದ ನಡುವೆ ಅಕ್ಕ ಹುಡುಕಿದ್ದೇ ಹುಡುಕಿದ್ದು. ಒಂದು, ಉಚಿತ ಉಚಿತ ಎಂದು ಕೂಗಿ ಕರೆದು, ಒಳಗೆ ಹೋದಮೇಲೆ ಕಾರ್ಡ್ ನಂಬರ್ ಕೇಳಿತು. ಇನ್ನೊಂದರಲ್ಲಿ ಹಾಜರಿ ಮಾತ್ರ ಪುಕ್ಕಟೆ, ಸಂಬಳದ ಲೆಕ್ಕಕ್ಕೆ ದುಡ್ಡು. ಮತ್ತೊಂದು, ಇಬ್ಬರು ಪಾಳಿ ಅದಲುಬದಲು ಮಾಡಿಕೊಂಡರೆ ಇಬ್ಬರಿಗೂ ಗೈರುಹಾಜರಿ ಹಾಕಿತು. ಇಲ್ಲಿಯವರೋ, ಮಗುವಿಗೆ ಜ್ವರ, ಅತ್ತೆಗೆ ಮೊಣಕಾಲು ನೋವು ಎಂದು ಪಾಳಿಯನ್ನು ಕೈಗಡದಂತೆ ಕೊಟ್ಟು ತಗೊಳ್ಳುವವರು. "ಮೂದೇವಿ" ಎಂದು ಬೈದು ಅದನ್ನೂ ಮುಚ್ಚಿದಳು. ಎದ್ದು ನೀರು ಕುಡಿದಳು, ಕೂತಳು, ಮತ್ತೆ ಎದ್ದಳು.

ಕೊನೆಗೆ ಒಂದು ಸರಿಬಂತು. ಪಾಳಿ ಬದಲಾದರೂ ಗೊಣಗುವುದಿಲ್ಲ, ಹೆಸರಿದ್ದವರಿಗೆಲ್ಲ ತಿಂಗಳ ಚೀಟಿ ಕೊಡುತ್ತದೆ, ಹತ್ತು ಜನರವರೆಗೆ ಪುಕ್ಕಟೆ. ತಮ್ಮ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು, ತನ್ನ ಹೆಸರನ್ನು ಎಲ್ಲರಿಗಿಂತ ಮೇಲೆ ಹಾಕಿಸಿದ. ಕೆಲಸದವರನ್ನೆಲ್ಲ ಸೇರಿಸಿ ಮುಗಿದ ಮೇಲೆ ಅಕ್ಕ ತನ್ನ ಹೆಸರು ಟೈಪ್ ಮಾಡಿದಳು. ಹತ್ತು ತುಂಬಿತು, ಇನ್ನು ಹಣ ಕಟ್ಟಿ ಎಂದಿತು ಪರದೆ.

"ನಿನ್ನ ಹೆಸರ್ಯಾಕಕ್ಕ? ನಮಗೆಂಥ ಸಂಬಳ, ಅಂಗಡೀನೇ ನಮ್ಮದು," ಎಂದು ತಮ್ಮ ನಕ್ಕ.

ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. ಅವನ ಹೆಸರು ಅಳಿಸಿ, ಆ ಜಾಗದಲ್ಲಿ ತನ್ನದನ್ನು ಕೂರಿಸಿದಳು.

"ಏನಕ್ಕ ಇದು!"

"ಅಂಗಡಿ ನಿಂದು, ನಿನಗ್ಯಾಕೆ ಚೀಟಿ? ನನಗೆ ಬೇಕು. ಬೇರೆ ಕೋಣೆ ಹಿಡೀತಿದ್ದೀನಿ."

ಅಕ್ಕ ಲ್ಯಾಪ್‌ಟಾಪನ್ನು ತಮ್ಮನತ್ತ ತಿರುಗಿಸಿದಳು. ಅವಳ ಹೆಸರಿನ ಮುಂದೆ ಸಂಬಳದ ಜಾಗ ಖಾಲಿಯಿತ್ತು.

"ಹೇಳು, ಎಷ್ಟು ಹಾಕಲಿ?"

ಬಟ್ಟೆ ತಲುಪಿಸುವ ಡ್ರೈವರನ ಸಂಬಳ, ಇಸ್ತ್ರಿಯವನ ಸಂಬಳ ನಿದ್ದೆಯಲ್ಲಿ ಕೇಳಿದರೂ ಹೇಳುವ ಮನುಷ್ಯ ಅವನು. ಅಕ್ಕನ ಇಷ್ಟು ವರ್ಷದ ದುಡಿಮೆಗೆ ಒಂದು ಅಂಕಿಯೂ ಅವನಿಗೆ ಹೊಳೆಯಲಿಲ್ಲ.